ದೋಣಿಗಾಲಿನಿಂದ ಗುಂಡ್ಯದವರೆಗೆ

ಹಾಸನದ ಎಪಿಎಂಸಿ ಯಾರ್ಡಿನ ಹಿಂದೆ
ಗೊಬ್ಬರದಂಗಡಿಯ ಮಹಡಿ ಮೇಲೆ ನಮ್ಮ ಆಫೀಸು.
ಹನ್ನೊಂದು ಲಾರಿ, ಹನ್ನೊಂದು ಹಸಿರು ಚುಕ್ಕೆ,
ಒಂದು ಪರದೆ, ನಾನು.

ಗಾಜಿಗಂಟಿದ ಕ್ಯಾಮೆರಾದೊಳಗೆ ಸಿಮ್ ಹಾಕಿಸಿದ ದಿನ
ಕಾಳಿಂಗಣ್ಣ ಅಂದಿದ್ದರು, "ಇನ್ನು ಕೂತಲ್ಲೇ ಎಲ್ಲಾ ಕಾಣುತ್ತೆ."
ಕಾಣುತ್ತೆ, ನಿಜ.
ಆಲೂರು ದಾಟಿದ್ದು, ಪಾಳ್ಯದಲ್ಲಿ ಟೀಗೆ ನಿಂತದ್ದು,
ಬಾಳ್ಳುಪೇಟೆಯ ಹಂಪು, ಸಕಲೇಶಪುರದ ಸೇತುವೆ.
ದೋಣಿಗಾಲು ಇಳಿದರೆ ಮುಗಿಯಿತು.
ಒಂದೊಂದೇ ಕಡ್ಡಿ ಉದುರಿ
ಚುಕ್ಕೆ ಬೂದಿ ಬಣ್ಣವಾಗಿ ನಿಲ್ಲುತ್ತದೆ.
ಮಾರನಹಳ್ಳಿ, ಕೆಂಪುಹೊಳೆ, ತಿರುವು, ತಿರುವು.
ಗುಂಡ್ಯದಲ್ಲಿ ಮತ್ತೆ ಹಸಿರಾಗುವವರೆಗೆ
ಲಾರಿ ಭೂಮಿಯ ಮೇಲೇ ಇದೆಯೆಂದು
ನಂಬಬೇಕು ಅಷ್ಟೆ.

ಕಳೆದ ಸೋಮವಾರ ರಾತ್ರಿ ಜೋಕಿಮನ ಲಾರಿ
ಆ ಬೂದಿಯೊಳಗೆ ಇಪ್ಪತ್ತೆರಡು ನಿಮಿಷ ಹೆಚ್ಚಿಗೆ ಇತ್ತು.
"ಆಲೂಗಡ್ಡೆ ಮೂಟೆ ಇಳಿಸಿದನೋ, ಡೀಸೆಲ್ ಮಾರಿದನೋ,
ನೋಡಿ ಹೇಳಮ್ಮ."

ಕ್ಯಾಮೆರಾ ಮರೆಯುವುದಿಲ್ಲ.
ಸಿಗ್ನಲ್ ಇಲ್ಲದಾಗ ಕಂಡದ್ದು ಕೇಳಿದ್ದೆಲ್ಲ
ಕಾರ್ಡಿನಲ್ಲಿ ಗಂಟುಕಟ್ಟಿಟ್ಟುಕೊಂಡು
ಟವರು ಸಿಕ್ಕ ಕೂಡಲೇ ಬಿಚ್ಚುತ್ತದೆ,
ತವರು ಸಿಕ್ಕ ಮಗಳ ಹಾಗೆ.
ಜೋಕಿಮನಿಗೆ ಇದು ಗೊತ್ತಿಲ್ಲ.
ಕಡ್ಡಿ ಇಲ್ಲದ ಕಡೆ ಕಿವಿಯೂ ಇಲ್ಲ
ಅಂದುಕೊಂಡಿದ್ದಾನೆ.

ಹೆಡ್‌ಫೋನ್ ಹಾಕಿಕೊಂಡೆ.
ಗಾಜಿನಾಚೆ ತಡೆಗೋಡೆಯ ಹಳದಿ ಪಟ್ಟಿ,
ಇಂಡಿಕೇಟರ್ ಮಿನುಗಿದಾಗಷ್ಟೇ ಇರುವ ಒಂದು ಬಂಡೆ.
ಇಂಜಿನ್ ನಿಂತಿತು. ಕೆಮ್ಮಿದ.

"ಅಣ್ಣಾ, ಒಂದು ಹದಿನೈದು ಸಾವ್ರ ಬೇಕಿತ್ತು."
ಸುಮ್ಮನಾದ.
"ಅಣ್ಣಾ, ಮಗಳಿಗೆ ಕಿವಿಯೊಳಗೆ ಕೀವು,
ಆಪರೇಷನ್ ಆಗ್ಬೇಕು ಅಂದವ್ರೆ."
ಇದು ಬೇಡ ಅನಿಸಿತೇನೋ. ಗಂಟಲು ಸರಿಮಾಡಿ, ದೊಡ್ಡ ದನಿ ತೆಗೆದು:
"ಹನ್ನೆರಡು ವರ್ಷ ಆಯ್ತು ನಿಮ್ಮ ಸ್ಟೀರಿಂಗ್ ಹಿಡಿದು,
ಒಂದು ಗೀರು ಬಿದ್ದಿಲ್ಲ."
ಮತ್ತೆ ತಾನೇ ಕಾಳಿಂಗಣ್ಣನಾಗಿ, ಅದೇ ಮೂಗಿನ ದನಿ:
"ಶುಂಠಿ ರೇಟು ನೋಡಿದ್ದೀಯೇನಯ್ಯಾ?"
ನಕ್ಕುಬಿಟ್ಟೆ, ಅಷ್ಟು ಸರಿಯಾಗಿತ್ತು.
ನಕ್ಕಮೇಲೆ ಒಂಥರಾ ಆಯಿತು.

ಹದಿನೈದು ಹತ್ತಾಯಿತು, ಹತ್ತು ಎಂಟಾಯಿತು,
"ಈ ತಿಂಗಳು ಆಗದಿದ್ರೂ ಪರ್ವಾಗಿಲ್ಲ" ಕೂಡ ಒಮ್ಮೆ ಬಂತು.
ಕೊನೆಗೆ ಅವರ ಕೊಂಕಣಿಯಲ್ಲಿ ಮೆಲ್ಲಗೆ ಏನೋ ಅಂದ.
ಅದು ಕಾಳಿಂಗಣ್ಣನಿಗಲ್ಲ.
ಕೀ ತಿರುಗಿಸಿದ.

ಬುಧವಾರ ಆಫೀಸಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ,
ಬೇರೆ ಯಾವ ಡ್ರೈವರೂ ಬಿಡುವುದಿಲ್ಲ.
ಕಾಳಿಂಗಣ್ಣ ಫೋನಿನಲ್ಲೇ ಗದ್ದವೆತ್ತಿ ಏನು ಅಂದರು.
ಮಗು ಶಾಲೆಯ ಸ್ಟೇಜು ಹತ್ತಿದಾಗ
ಕೆಳಗೆ ಕೂತು ತುಟಿಯಾಡಿಸುವ ತಾಯಿಯಂತೆ ನಾನು:
ಹೇಳು, ಹನ್ನೆರಡು ವರ್ಷದಿಂದ ಶುರುಮಾಡು, ಅದೇ ಚೆನ್ನಾಗಿತ್ತು.

"ಏನಿಲ್ಲಣ್ಣ. ಎಡಗಡೆ ಹಿಂದಿನ ಟೈರು
ಒಂಚೂರು ಸವ್ದೈತೆ."

ಆ ಕೋಣೆಯಲ್ಲಿ ನಾಲ್ಕೂ ಕಡ್ಡಿ ಸಿಗ್ನಲ್ ಇತ್ತು.

ಅವನು ಮೆಟ್ಟಿಲಿಳಿದ ಮೇಲೆ ಕೇಳಿದರು,
"ಆ ಇಪ್ಪತ್ತೆರಡು ನಿಮಿಷ ಏನಮ್ಮ?"
"ಇಂಜಿನ್ ಕಾದಿತ್ತಂತೆ, ತಣೀಲಿ ಅಂತ ನಿಲ್ಸಿದ್ದ," ಅಂದೆ.
ಕಾದದ್ದೇನೋ ಸುಳ್ಳಲ್ಲ.

ಏಳು ದಿನ ಕಳೆದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ.
ಉಳಿಸಿಕೊಳ್ಳಲು ಒಂದು ಗುಂಡಿ ಇದೆ, ಒತ್ತಲಿಲ್ಲ.
ಅಳಿಸಲು ಇನ್ನೊಂದಿದೆ, ಅದನ್ನೂ.

ಇವತ್ತು ಮಧ್ಯಾಹ್ನದ ಲೋಡು.
ಅವನ ಚುಕ್ಕೆ ದೋಣಿಗಾಲು ಇಳಿದು ಬೂದಿಯಾದದ್ದನ್ನು ನೋಡಿ
ಎದ್ದು, ಕೆಳಗೆ ಗೋದಾಮಿಗೆ ಹೋದೆ.
ಯೂರಿಯಾ ಮೂಟೆಗಳ ಹಿಂದೆ ಒಂದು ಮೂಲೆ,
ಅಲ್ಲಿ ಯಾರ ಫೋನಿಗೂ ಏನೂ ಸಿಗುವುದಿಲ್ಲ.

"ಕಾಳಿಂಗಣ್ಣ," ಅಂದೆ ಮೂಟೆಗಳಿಗೆ,
"ಜೋಕಿಮನ ಮಗಳಿಗೆ..."
ಮತ್ತೊಮ್ಮೆ ಅಂದೆ, ಸ್ವಲ್ಪ ಗಟ್ಟಿಯಾಗಿ.
"ನಿಂಗೆ ಯಾರು ಹೇಳಿದ್ರು?" ಎಂದು ಅವರು ಕೇಳುವ
ಆ ಮೂಗಿನ ದನಿ ಮಾತ್ರ
ನನಗೆ ಅವನಷ್ಟು ಚೆನ್ನಾಗಿ ಬರಲಿಲ್ಲ.